ನವಿಲುಬಂಡೆ ರೋಡಿನ ಹಿರಿಯರು

ಕಂಪ್ಲಿ
9 ಮಾರ್ಚ್ 2025

ಶ್ರೀಮತಿ ದೇವಿಕಾ ಅವರಿಗೆ,

ಶರಣು. ನಿಮಗೆ ನನ್ನ ಪರಿಚಯವಿಲ್ಲ. ನನ್ನ ಹೆಸರು ಲಿಂಗರಾಜ್. ಕಂಪ್ಲಿಯಲ್ಲಿ ನಮ್ಮದೊಂದು ಹಳೆಯ ರೈಸ್ ಮಿಲ್ಲು ಇದೆ. ಹೊಸಪೇಟೆಯ ವಾರಪತ್ರಿಕೆಯಲ್ಲಿ ನೀವು ನವಿಲುಬಂಡೆ ರೋಡ್ ಸ್ಟೇಷನ್ನಿನ ಬಗ್ಗೆ ಬರೆದದ್ದನ್ನು ಓದಿದೆ. ಪತ್ರಿಕೆಯವರನ್ನು ಕೇಳಿ ನಿಮ್ಮ ನಾಗಪುರದ ವಿಳಾಸ ಪಡೆದೆ.

ಆ ಲೇಖನದ ಒಂದು ಭಾಗವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹಳಿಯ ಮೇಲೆ ಸತ್ತು ಸಿಕ್ಕವರನ್ನು ಯಾರೂ ಕೇಳಿಕೊಂಡು ಬರದಿದ್ದರೆ ಗ್ಯಾಂಗ್‌ಮನ್ನರು ಸ್ಟೇಷನ್ನಿನ ಹಿಂದಿನ ಬೇವಿನ ಮರಗಳ ಕೆಳಗೆ ಮಣ್ಣು ಮಾಡುತ್ತಿದ್ದರು ಎಂದು ಬರೆದಿದ್ದೀರಿ. ಕ್ವಾರ್ಟರ್ಸಿನ ಯಾವುದಾದರೂ ಒಂದು ಮನೆ ಆ ಸತ್ತವರನ್ನು ತಮ್ಮವರೆಂದು ತೆಗೆದುಕೊಂಡು, ಹೆಸರಿಟ್ಟು, ಮಹಾಲಯ ಅಮಾವಾಸ್ಯೆಗೆ ತಮ್ಮ ಹಿರಿಯರ ಜೊತೆ ಅವರಿಗೂ ಎಡೆ ಇಡುತ್ತಿತ್ತು ಎಂದೂ ಬರೆದಿದ್ದೀರಿ. ನಿಮ್ಮ ಮನೆಯೂ 1981ರಲ್ಲಿ ಹೀಗೆ ಒಬ್ಬ ಹೆಣ್ಣುಮಗಳನ್ನು ತೆಗೆದುಕೊಂಡಿತ್ತು. ನೀವು ಅವರನ್ನು ಹೇಮಕ್ಕ ಎಂದು ಕರೆದಿದ್ದೀರಿ.

ನನ್ನ ತಾಯಿ 1981ರಲ್ಲಿ ತವರಿಗೆ ಹೋಗುತ್ತೇನೆಂದು ಮನೆಯಿಂದ ಹೊರಟವಳು ತವರು ಸೇರಲಿಲ್ಲ. ಅವಳ ತವರು ಸಂಡೂರಿನ ಆಚೆ. ಆಗ ನನಗೆ ಒಂಬತ್ತು ವರ್ಷ.

ನಿಮ್ಮ ಹೇಮಕ್ಕ ಸಿಕ್ಕದ್ದು ಯಾವ ತಿಂಗಳಲ್ಲಿ? ಎರಡನೇ ಹಳಿಗಾಗಿ ಆ ಜಾಗವನ್ನು ಅಗೆಯುತ್ತಾರೆ, ಸಂಬಂಧಿಕರು ಮೇ ಕೊನೆಯೊಳಗೆ ಅರ್ಜಿ ಕೊಟ್ಟರೆ ಅವಶೇಷ ಒಪ್ಪಿಸುತ್ತಾರೆ ಎಂದು ಬರೆದಿರುವುದರಿಂದ ಈ ಅವಸರ. ನನ್ನ ತಾಯಿಯೇ ಆಗಿದ್ದರೆ ಅವಳನ್ನು ಮನೆಗೆ ಕರೆತರಬೇಕು. ನನಗೆ ಬೇರೇನೂ ಬೇಡ.

ಉತ್ತರವನ್ನು ಮಿಲ್ಲಿನ ವಿಳಾಸಕ್ಕೇ ಬರೆಯಿರಿ. ಮನೆಯಲ್ಲಿ ನನ್ನ ಸೋದರತ್ತೆ ಇದ್ದಾರೆ. ಅವರೆದುರು ಈ ಮಾತು ಎತ್ತುವಂತಿಲ್ಲ. ಫೋನ್ ನಂಬರು ಈ ಕಾಗದದ ತಲೆಯ ಮೇಲೆ ಅಚ್ಚಾಗಿದೆ. ಆದರೆ ಇದನ್ನೆಲ್ಲ ಬಾಯಿಬಿಟ್ಟು ಹೇಳಲು ನನ್ನಿಂದ ಆಗುವುದಿಲ್ಲ.

ನಿಮ್ಮವ,
ಲಿಂಗರಾಜ್


ನಾಗಪುರ
19 ಮಾರ್ಚ್ 2025

ಲಿಂಗರಾಜ್ ಅವರಿಗೆ,

ನಮಸ್ಕಾರ. ಹೇಮಕ್ಕ ಸಿಕ್ಕದ್ದು ನವೆಂಬರಿನಲ್ಲಿ, ದೀಪಾವಳಿ ಮುಗಿದ ಮೇಲೆ. ಸಂಜೆಯ ಪ್ಯಾಸೆಂಜರ್ ಹೋದ ಮೇಲೆ ಹೊರಸಿಗ್ನಲ್ಲಿನ ಆಚೆಯ ತಿರುವಿನಲ್ಲಿ. ನಾನು ಹುಟ್ಟಿದ್ದು ಮರುವರ್ಷ. ಆದ್ದರಿಂದ ನಾನು ಹೇಳುವುದೆಲ್ಲ ಕೇಳಿದ್ದು, ನೋಡಿದ್ದಲ್ಲ.

ನನ್ನ ತಂದೆ ಹಾಲಸ್ವಾಮಿ ಅಲ್ಲಿ ಸ್ಟೇಷನ್ ಮಾಸ್ಟರ್. ನವಿಲುಬಂಡೆ ಊರು ಸ್ಟೇಷನ್ನಿನಿಂದ ಬಹಳ ದೂರ. ಹೆಸರಿಗೆ 'ರೋಡ್' ಸೇರಿಸಿದ ಎಲ್ಲ ಸ್ಟೇಷನ್ನುಗಳ ಹಣೆಬರಹವೂ ಅಷ್ಟೆ ತಾನೆ. ಅದಿರು ತುಂಬುವ ಸೈಡಿಂಗಿಗಾಗಿ ಹುಟ್ಟಿದ ಜಾಗ ಅದು. ಕೆಂಪು ದೂಳು, ಆರೇಳು ಕ್ವಾರ್ಟರ್ಸ್, ಅದಿರು ಹೊರುವವರ ಗುಡಿಸಲುಗಳು, ಒಂದು ಚಹಾದಂಗಡಿ. ಹೊಸಪೇಟೆಯ ಇಂಗ್ಲಿಷ್ ಶಾಲೆಗೆ ಬೆಳಗಿನ ಗಾಡಿಯಲ್ಲಿ ಹೋಗಿ ಸಂಜೆಯ ಗಾಡಿಯಲ್ಲಿ ಬರುತ್ತಿದ್ದ ನನ್ನ ಬಿಳಿ ಯೂನಿಫಾರ್ಮ್ ಒಂದು ದಿನವೂ ಬಿಳಿಯಾಗಿರಲಿಲ್ಲ.

ಅಲ್ಲಿನವರ ನಂಬಿಕೆಯೊಂದನ್ನು ಲೇಖನದಲ್ಲಿ ಬರೆಯಲು ಸಂಕೋಚವಾಗಿ ಬಿಟ್ಟಿದ್ದೆ. ಹೆಸರಿಲ್ಲದೆ ಮಣ್ಣಾದವರು ಮುಸ್ಸಂಜೆಯಲ್ಲಿ ಪ್ಲಾಟ್‌ಫಾರ್ಮಿನ ತುದಿಗೆ ಬಂದು, "ಗಾಡಿ ಹೋತೇನ್ರಿ?" ಎಂದು ಕೇಳುತ್ತಾರಂತೆ. ಕೇಳಿಸಿಕೊಂಡವರಿಗೆ ಮನೆಯವರ ದನಿಯೇ ಅನಿಸುತ್ತದಂತೆ. ಒಂದು ಮನೆಯವರು ಹೆಸರಿಟ್ಟು ಒಳಗೆ ಕರೆದುಕೊಂಡ ಮೇಲೆ ಅವರು ಕೇಳುವುದನ್ನು ನಿಲ್ಲಿಸುತ್ತಾರೆ. ಕ್ವಾರ್ಟರ್ಸಿನ ಹೆಂಗಸರು ಹೆಸರಿಡಲು ತಡಮಾಡದಿದ್ದುದು ಇದಕ್ಕೇ. ಕರುಣೆ ಎಷ್ಟು, ಭಯ ಎಷ್ಟು ಎಂದು ನಾನು ಈಗಲೂ ಯೋಚಿಸುತ್ತೇನೆ.

ಹೇಮಾವತಿ ಎಂಬುದು ನನ್ನಮ್ಮ ತನಗೆ ಹುಟ್ಟಲಿರುವ ಮೊದಲ ಮಗಳಿಗೆಂದು ಇಟ್ಟುಕೊಂಡಿದ್ದ ಹೆಸರು. ಅದನ್ನು ಹಳಿಯ ಮೇಲೆ ಸಿಕ್ಕವಳಿಗೆ ಕೊಟ್ಟರು. ಆ ಹೆಸರು ಮೊದಲು ಅವಳಿಗೆ ಸಂದದ್ದರಿಂದ ಅವಳು ನನ್ನ ಅಕ್ಕ. ನನಗೆ ಒಡಹುಟ್ಟಿದವರು ಬೇರೆ ಯಾರೂ ಇಲ್ಲ.

ನಿಮ್ಮ ತಾಯಿಯವರನ್ನು ಗುರುತಿಸುವಂಥದ್ದು ಏನಾದರೂ ಇದ್ದರೆ ತಿಳಿಸಿ.

ದೇವಿಕಾ


ಕಂಪ್ಲಿ
2 ಏಪ್ರಿಲ್ 2025

ದೇವಿಕಾ ಅವರಿಗೆ,

ಶರಣು. ನಿಮ್ಮ ಪತ್ರ ಓದಿ ಬಹಳ ಹೊತ್ತು ಮಿಲ್ಲಿನ ಹಿಂದೆ ಹೋಗಿ ಕೂತಿದ್ದೆ. ನವೆಂಬರ್ ಎಂದಿರಿ. ಅವ್ವ ಮನೆ ಬಿಟ್ಟದ್ದೂ ಅದೇ ತಿಂಗಳು.

ಅವ್ವ ಎತ್ತರದ ಹೆಂಗಸು, ಎಣ್ಣೆಗೆಂಪು ಬಣ್ಣ. ಫೋಟೊ ಒಂದೂ ಉಳಿದಿಲ್ಲ. ಆದರೆ ಒಂದು ಗುರುತು ಇದೆ. ನಮ್ಮ ಮಿಲ್ಲಿನ ಹಿಂದೆ ಬಾಯ್ಲರಿನ ಬೂದಿ ಸುರಿಯುತ್ತಾರೆ, ಭತ್ತದ ಹೊಟ್ಟು ಉರಿದ ಬೂದಿ. ಮೇಲೆ ನೋಡಿದರೆ ತಣ್ಣಗೆ, ಬೆಳ್ಳಗೆ ಇರುತ್ತದೆ. ಒಳಗೆ ವಾರವಾದರೂ ಕೆಂಡ. ಮಿಲ್ಲಿನ ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಅದನ್ನು ಕಲಿಸುತ್ತೇವೆ. ನಾನು ಗಾಳಿಪಟದ ಹಿಂದೆ ಅದರ ಮೇಲೆ ಓಡಿದೆ. ಅವ್ವ ಹಾರಿ ಬಂದು ನನ್ನನ್ನು ಎತ್ತಿ ಆಚೆ ಎಸೆದಳು. ಅವಳ ಬಲಗಾಲು ಬೂದಿಯಲ್ಲಿ ಇಳಿಯಿತು. ವಾಸಿಯಾದಾಗ ಹೆಬ್ಬೆರಳ ಪಕ್ಕದ ಎರಡು ಬೆರಳು ಕೂಡಿಕೊಂಡುಬಿಟ್ಟಿದ್ದವು. ನನ್ನ ಕಾಲಿಗೆ ಏನೂ ಆಗಲಿಲ್ಲ.

ನಿಮ್ಮ ತಾಯಿಯವರು ಇದ್ದರೆ ದಯವಿಟ್ಟು ಕೇಳಿ. ಬಲಗಾಲು.

ನನ್ನ ಹೆಂಡತಿ ಶೈಲಜಾಗೆ ಮಾತ್ರ ಹೇಳಿದ್ದೇನೆ. "ನಿಮ್ಮವ್ವ ಮನಿಗೆ ಬಂದ್ರ ಅತ್ತಿಯೋರು ಏನಂತಾರ?" ಎಂದಳು. "ಸತ್ತಾಕಿ ಬಂದ್ರೇನು ಜಾಗ ಭಾಳ ಬೇಕಾಗ್ತೈತೇನು?" ಎಂದೆ. "ಇದ್ದೋರಿಗಿಂತ ಭಾಳ ಬೇಕಾಗ್ತೈತ್ರಿ," ಎಂದಳು.

ಲಿಂಗರಾಜ್


ನಾಗಪುರ
14 ಏಪ್ರಿಲ್ 2025

ಲಿಂಗರಾಜ್ ಅವರಿಗೆ,

ನಮಸ್ಕಾರ. ನನ್ನ ತಾಯಿ ಮರುಳಸಿದ್ದಮ್ಮ ನನ್ನ ಜೊತೆಗೇ ಇದ್ದಾರೆ. ಎಪ್ಪತ್ತಾರು ವರ್ಷ. ಇತ್ತೀಚೆಗೆ ಆರೋಗ್ಯ ಅಷ್ಟು ಚೆನ್ನಾಗಿಲ್ಲ. ಹಳೆಯದನ್ನು ಕೆದಕಿ ನೋಯಿಸುವುದು ಬೇಡವೆಂದು ಪಾದದ ವಿಷಯ ಕೇಳಿಲ್ಲ. ಅಮ್ಮ ಪ್ರತಿ ವರ್ಷ ಎಡೆ ಇಡುವಾಗ ಹೇಳುತ್ತ ಬಂದದ್ದನ್ನು ಮಾತ್ರ ಬರೆಯುತ್ತೇನೆ.

ಹೇಮಕ್ಕನಿಗೆ ಹಸಿರು ಸೀರೆ. ಎರಡೂ ಕೈ ತುಂಬ ಹಸಿರು ಬಳೆ. ಹಣೆಗೆ ಕುಂಕುಮ, ಕಾಲಿಗೆ ಉಂಗುರ. ನಮ್ಮ ಪದ್ಧತಿಯಂತೆ ಉಡಿ ತುಂಬಿ, ಕೂರಿಸಿ ಮಣ್ಣು ಮಾಡಿದರು. ಎತ್ತರ, ಬಣ್ಣಗಳ ಬಗ್ಗೆ ಅಮ್ಮ ಏನೂ ಹೇಳಿದ್ದಿಲ್ಲ.

ಇನ್ನೊಂದು ವಿಷಯ. ಅವಳ ತಂಗಿಯೆಂದು ನಾನೇ ಅರ್ಜಿ ಹಾಕಬೇಕೆಂದಿದ್ದೇನೆ. ಲೇಖನ ಬರೆಯುವಾಗಲೇ ಹಾಗೆಂದು ನಿಶ್ಚಯಿಸಿದ್ದೆ. ನಿಮಗೆ ಇದು ತಿಳಿದಿರಲಿ ಎಂದು ಬರೆದೆ.

ದೇವಿಕಾ


ಕಂಪ್ಲಿ
27 ಏಪ್ರಿಲ್ 2025

ದೇವಿಕಾ ಅವರಿಗೆ,

ಶರಣು. ನಿಮ್ಮ ಹೇಮಕ್ಕ ನನ್ನ ತಾಯಿಯಲ್ಲ.

ನನ್ನ ತಾಯಿ ವಿಧವೆ. ಅಪ್ಪ ತೀರಿ ಎರಡು ವರ್ಷವಾಗಿತ್ತು. ಮೊದಲ ಪತ್ರದಲ್ಲೇ ಇದನ್ನು ಬರೆಯಬೇಕಿತ್ತು. ಬರೆದಿದ್ದರೆ ಅವಳು ಏಕೆ ಮನೆ ಬಿಟ್ಟಳೆಂದೂ ಬರೆಯಬೇಕಾಗುತ್ತಿತ್ತು. ಈಗ ಮುಚ್ಚಿಡಲು ಏನಿದೆ. ನನ್ನ ಸೋದರತ್ತೆ ಬಸಕ್ಕನ ಮದುವೆಗೆ ಮನೆಗೆ ಬಳೆಗಾರ ಬಂದಿದ್ದ. ಹೆಂಗಸರೆಲ್ಲ ಸಾಲಾಗಿ ಕೂತಿದ್ದರು. ಅವ್ವನೂ ಬಂದು ಕೂತು ಕೈ ಚಾಚಿದಳು. ಏಕೆ ಹಾಗೆ ಮಾಡಿದಳೋ, ಮರೆತಳೋ, ಬೇಕೆಂದೇ ಮಾಡಿದಳೋ, ಯಾರಿಗೂ ಗೊತ್ತಿಲ್ಲ. ಮದುಮಗಳು ಅತ್ತೆ. ಅವಳು ಎದ್ದು ಅವ್ವನ ಕೈಯನ್ನು ತಳ್ಳಿದಳು. ಎಲ್ಲರೂ ಸೇರಿ ಆಡಬಾರದ ಮಾತೆಲ್ಲ ಆಡಿದರು. ಮರುದಿನ ಅವ್ವ ತವರಿಗೆಂದು ಹೊರಟಳು. ಹೊಸಪೇಟೆ ಬಸ್ಸು ಹತ್ತಿದ್ದನ್ನು ನೋಡಿದವರಿದ್ದಾರೆ. ಅತ್ತೆಯ ಮದುವೆ ವರ್ಷದೊಳಗೆ ಮುರಿಯಿತು. ಆ ವಿಧವೆ ಕೈಚಾಚಿದ್ದರಿಂದಲೇ ಹಾಗಾಯಿತೆಂದು ಅತ್ತೆ ಇವತ್ತಿಗೂ ನಂಬಿದ್ದಾಳೆ. ನಮ್ಮ ಮನೆಯಲ್ಲಿ ಅವ್ವನ ಮಾತಿಲ್ಲ, ಎಡೆಯೂ ಇಲ್ಲ.

ನಿಮ್ಮವಳ ಕೈತುಂಬ ಬಳೆ, ಕಾಲಲ್ಲಿ ಉಂಗುರ. ಯಾರ ಮನೆಯ ಮುತ್ತೈದೆಯೋ. ಅವಳನ್ನು ನೀವೇ ಕರೆದೊಯ್ಯಿರಿ. ಸುಮ್ಮನೆ ನಿಮಗೆ ತೊಂದರೆ ಕೊಟ್ಟೆ. ಇನ್ನು ಬರೆಯುವುದಿಲ್ಲ.

ಲಿಂಗರಾಜ್


ನಾಗಪುರ
12 ಜೂನ್ 2025

ಲಿಂಗರಾಜ್ ಅವರಿಗೆ,

ನಿಮ್ಮ ಕೊನೆಯ ಪತ್ರಕ್ಕೆ ನೀವು ಉತ್ತರ ಕೇಳಿರಲಿಲ್ಲ. ಅದೇ ನನಗೆ ನೆಪವಾಯಿತು.

ಅದನ್ನು ಓದಿದ ದಿನವೇ ನನಗೆ ತಿಳಿದಿತ್ತು. ನಾನು ನಿಮಗೆ ಬರೆದದ್ದು ಹೇಮಕ್ಕನನ್ನು ಮಣ್ಣಿಗೆ ಕಳಿಸಿದ ರೀತಿ, ಅವಳು ಸಿಕ್ಕಾಗ ಹೇಗಿದ್ದಳು ಎಂಬುದನ್ನಲ್ಲ. ಕ್ವಾರ್ಟರ್ಸಿನ ಹೆಂಗಸರಿಗೆ ಒಂದು ನೇಮವಿತ್ತು. ಹಳಿಯ ಮೇಲೆ ಸಿಕ್ಕ ಯಾವ ಹೆಂಗಸನ್ನೂ ಬರಿಗೈಯಲ್ಲಿ ಕಳಿಸುವಂತಿಲ್ಲ. ಅವಳು ಯಾರು, ಗಂಡ ಇದ್ದಾನೋ ಇಲ್ಲವೋ ತಿಳಿಯದು. ತಿಳಿಯದ ಮೇಲೆ ಮುತ್ತೈದೆಯೆಂದೇ ಎಣಿಸಬೇಕು. ಆ ಸೀರೆ ನನ್ನಮ್ಮನ ಸೀರೆ. ಆ ಬಳೆ ಅಮ್ಮನ ಪೆಟ್ಟಿಗೆಯವು. ಇದು ನನಗೆ ಚಿಕ್ಕಂದಿನಿಂದ ಗೊತ್ತು. ನಿಮಗೆ ಬರೆಯುವಾಗಲೂ ಗೊತ್ತಿತ್ತು. ಬಳೆ ಅವಳವೇ ಎಂದು ನಾನು ಬರೆಯಲಿಲ್ಲ. ನೀವು ಹಾಗೆ ಓದಿಕೊಳ್ಳುತ್ತೀರಿ ಎಂದು ತಿಳಿದೂ ಹಾಗೇ ಬಿಟ್ಟೆ. ಅದು ಸುಳ್ಳಲ್ಲ ಎಂದು ಆರು ವಾರ ನನಗೆ ನಾನೇ ಹೇಳಿಕೊಂಡೆ.

ಏಕೆ? ನೀವು ಅವಳನ್ನು ಕರೆದೊಯ್ದರೆ ನನಗೆ ಅಕ್ಕ ಇಲ್ಲ. ನಲವತ್ತಮೂರು ವರ್ಷದ ಹೆಂಗಸು ಬರೆಯುವ ಮಾತಲ್ಲ ಇದು. ಆದರೆ ಬೇರೆ ಕಾರಣ ಹುಡುಕಿದರೂ ಸಿಗುತ್ತಿಲ್ಲ. ಅತ್ತ ಅರ್ಜಿಯನ್ನೂ ಹಾಕಲಿಲ್ಲ. ಸಂಬಂಧವೇನು ಎಂದು ಕೇಳಿದ ಕಡೆ 'ತಂಗಿ' ಎಂದು ಬರೆಯಲು ಕೂತರೆ ನಿಮ್ಮ ಬೂದಿಯ ಗುಡ್ಡೆ ಕಣ್ಣೆದುರು ಬರುತ್ತಿತ್ತು. ಕೊನೆಯ ದಿನ ದಾಟಿಹೋಯಿತು.

ಹೋದ ವಾರ ಒಂದು ಮಧ್ಯಾಹ್ನ ಅಮ್ಮ ಅಡುಗೆಮನೆಯಲ್ಲಿ ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದರು. "ಇಲ್ಲವ್ವ, ಇನ್ನಾ ಬಂದಿಲ್ಲ. ಕುಂದ್ರು," ಎಂದದ್ದು ಹೊರಗೆ ನನಗೆ ಕೇಳಿಸಿತು. ಹೋಗಿ ನೋಡಿದರೆ ಅವರೊಬ್ಬರೇ.

"ಯಾರ ಜೊತೆ ಮಾತಾಡ್ತಿದ್ದೆ?"

"ಹೇಮಾ. ಗಾಡಿ ಹೋತೇನು ಅಂತ ಕೇಳಿದ್ಲು."

"ಹೇಮಕ್ಕ ಯಾವತ್ತೂ ಹಾಗೆ ಕೇಳಿಲ್ಲ ಅಂತಿದ್ದೆಯಲ್ಲಮ್ಮ?"

"ಅದಕ್ಕೇ ನನಗೂ ಗಾಬ್ರಿ ಆತು. ಹೆಸರಿಟ್ಟು ಒಳಗ ಕರಕೊಂಡ ಮ್ಯಾಲೆ ಸುಮ್ನ ಇದ್ದಾಕಿ. ಈಗ್ಯಾಕ ಎದ್ಲು? ಯಾರೋ ಆಕೀನ ಹುಡುಕ್ಯಾಡಾಕ ಹತ್ಯಾರ. ನಿನಗೇನರ ಗೊತ್ತೈತೇನು?"

ಅಮ್ಮನ ಕಲ್ಪನೆ ಎಂದುಕೊಳ್ಳಬಹುದಿತ್ತು. ಅಷ್ಟು ಓದಿದ್ದೇನೆ. ಆದರೆ ಆ ಅಡುಗೆಮನೆಯಲ್ಲಿ ನಿಲ್ಲಲು ನನ್ನಿಂದಾಗಲಿಲ್ಲ. ನಿಮ್ಮ ಪತ್ರಗಳನ್ನು ತಂದು ಓದಿ ಹೇಳಿದೆ. ಪಾದದ ಮಾತು ಬರುತ್ತಲೇ ಅಮ್ಮ ಸೊಪ್ಪು ಕೆಳಗಿಟ್ಟರು.

"ಬಲಗಾಲು. ಉಂಗುರ ಹೋಗ್ಲಿಲ್ಲ ನೋಡು. ಎರಡು ಬಟ್ಟು ಕೂಡಿಕೊಂಡಿದ್ವು. ಗ್ಯಾಂಗ್ ಮೇಸ್ತ್ರಿ ಗವಿಸಿದ್ದಪ್ಪನ ಹೇಣ್ತಿ ಸೋಪು ಹಚ್ಚಿ ಏರ್ಸಾಕ ನೋಡಿದ್ಲು. ಬ್ಯಾಡ ಬಿಡವ್ವ, ನೋಯ್ತೈತಿ ಅಂದೆ. ಸತ್ತಾಕಿಗೆ ನೋಯ್ತೈತಿ ಅಂದೆ! ಎಂಥಾ ಹುಚ್ಚಿ ನಾನು. ಎಡಗಾಲಿಗಷ್ಟೇ ಹಾಕಿ ಕಳಿಸಿದ್ವಿ."

ಆಮೇಲೆ ಕೇಳಿದರು: "ಆ ಹುಡುಗ ಪಾಪ ಕಾಯಾಕ ಹತ್ತಿರ್ಬೇಕು. ಬರದಿ ಇಲ್ಲೋ?"

ಬರೆದಿಲ್ಲ ಎಂದೆ. ಅಮ್ಮ ಅವತ್ತು ನಾನು ಬಡಿಸಿದ್ದನ್ನು ಉಣ್ಣಲಿಲ್ಲ.

ಅದಾದ ಮೇಲೂ ನಾಲ್ಕು ದಿನ ತಡಮಾಡಿದೆ. ಲಿಂಗರಾಜ್ ಅವರೇ, ಅವಳು ನಿಮ್ಮ ತಾಯಿ. ಬೇವಿನ ಮರಗಳಲ್ಲಿ ಸ್ಟೇಷನ್ ಕಡೆಯಿಂದ ಎರಡನೆಯದರ ಕೆಳಗೆ ಇದ್ದಾಳೆ. ದಯವಿಟ್ಟು ಕೂಡಲೇ ಹೋಗಿ.

ದೇವಿಕಾ


ಕಂಪ್ಲಿ
24 ಜೂನ್ 2025

ದೇವಿಕಾ ಅವರಿಗೆ,

ನಿಮ್ಮ ಪತ್ರ ಬಂದದ್ದು 19ಕ್ಕೆ. 20ರ ಬೆಳಿಗ್ಗೆಯೇ ಹೋದೆ. ಬೇವಿನ ಮರಗಳಿಲ್ಲ. ಎರಡನೆಯದೂ ಇಲ್ಲ, ಒಂದನೆಯದೂ ಇಲ್ಲ. ಸಿಗ್ನಲ್ ಕಂಬದಿಂದ ಸೈಡಿಂಗ್‌ವರೆಗೆ ಕೆಂಪು ಮಣ್ಣು ಸಮ ಮಾಡಿ ಜಲ್ಲಿ ಹಾಸಿದ್ದಾರೆ.

ಬಾಗಿಲಿಲ್ಲದ ಕ್ವಾರ್ಟರ್ಸ್ ಒಂದರಲ್ಲಿ ಒಬ್ಬ ಮುದುಕ ಇದ್ದ. ಕೊಟ್ರಯ್ಯ. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದನಂತೆ. ನಿಮ್ಮ ಹೆಸರು ಹೇಳಿದೆ. "ಮಾಸ್ತರ ಮಗಳಾ? ಬಿಳಿ ಗೌನಿನಾಕಿ?" ಎಂದ. ಏನಾಯಿತೆಂದು ಕೇಳಿದೆ.

"ತಿಂಗಳ ಮೊದಲ್ನೇ ವಾರ ಜೇಸೀಬಿ ಬಂತ್ರಿ. ಯಾರರ ಅರ್ಜಿ ಕೊಟ್ಟಾರೇನ್ರಪ್ಪ ಅಂತ ನಾನೂ ಕೇಳಿದೆ. ಒಬ್ರೂ ಕೊಟ್ಟಿಲ್ಲ ಅಜ್ಜ ಅಂದ್ರು. ಎಲ್ಲಾರ್ನೂ ಸಿಮಿಟಿನ ಚೀಲಕ್ಕ ತುಂಬಿ ಅಗಾ, ಆ ಮೋರಿ ಹತ್ರ ಒಂದೇ ಗುಂಡಿಗೆ ಹಾಕಿದ್ರು. ಕಾಂಟ್ರಾಕ್ಟರ್ ಮಂದಿ, ಅವ್ರೇನು ಮಾಡ್ತಾರ್ರಿ. ಒಂದು ತೆಂಗಿನಕಾಯಿ ಒಡದ್ರು ಪಾಪ."

"ಒಬ್ರನ್ನ ಬ್ಯಾರೆ ಮಾಡಾಕ ಬರ್ತೈತೇನಜ್ಜ?"

"ನಿಮ್ಮ ಅಕ್ಕಿ ಚೀಲ ಸುರುವಿದ ಮ್ಯಾಲೆ, ಇದು ಈ ಹೊಲದ ಕಾಳು ಅಂತ ಆರ್ಸಿ ತಗೀತೀರೇನು?"

ಮೋರಿಯ ಹತ್ತಿರ ಅವನೇ ಒಂದು ಕಲ್ಲು ನೆಟ್ಟಿದ್ದ. ಹೊರಡುವಾಗ ನನ್ನ ಕೈ ಹಿಡಿದುಕೊಂಡ. "ಒಂದು ಮಾತು ಹೇಳ್ತೀನಿ, ನಗಬ್ಯಾಡ್ರಿ. ಮೊದ್ಲು ಯಾರರ ಹೊಸಬ್ರು ಒಬ್ರು ಕೇಳ್ತಿದ್ರು, ಗಾಡಿ ಹೋತೇನು ಅಂತ. ಈಗ ಸಂಜೀಕ ಎಲ್ಲಾರೂ ಕೂಡೇ ಕೇಳ್ತಾರ. ಮನೀಗಳು ಹೋದ್ವು, ಮಂದಿ ವರ್ಗ ಆಗಿ ಹೋತು. ಯಾರ್ ಯಾರ ಮನ್ಯೋರು ಅಂತ ಅವ್ರಿಗೇ ಗೊತ್ತಾಗವಲ್ದು. ನಾನೊಬ್ಬ ಎಷ್ಟು ಮಂದಿಗೆ ಉತ್ರ ಕೊಡ್ಲಿ?"

ನಾನು ನಗಲಿಲ್ಲ. ಸಂಜೆಯವರೆಗೆ ಅಲ್ಲೇ ಕೂತೆ. ಏನು ಕೇಳಿಸಿತೆಂದು ನಿಮಗೆ ಬರೆಯುವುದಿಲ್ಲ.

ನಿಮ್ಮ ಹತ್ತಿರ ನನ್ನ ಫೋನ್ ನಂಬರು ಇತ್ತು. ಮಿಲ್ಲಿನ ಪ್ರತಿ ಕಾಗದದ ಮೇಲೂ ಇದೆ. ಮೇ ತಿಂಗಳಲ್ಲಿ ಒಂದು ಸಲ ಫೋನ್ ಮಾಡಿ 'ಬಳೆ ನಮ್ಮವು' ಎಂದಿದ್ದರೆ ಸಾಕಾಗಿತ್ತು. ನಾನೂ ಮುಚ್ಚಿಟ್ಟೆ, ನಿಜ. ಆದರೆ ನಾನು ಮುಚ್ಚಿಟ್ಟದ್ದು ನಾಚಿಕೆಯಿಂದ. ನೀವು ಉತ್ತರವನ್ನು ಕೈಯಲ್ಲಿ ಇಟ್ಟುಕೊಂಡೇ ಮುಚ್ಚಿಟ್ಟಿರಿ.

ಆ ಗುಂಡಿಯ ಮಣ್ಣನ್ನು ಒಂದು ಹೊಸ ಮಡಕೆಯಲ್ಲಿ ತಂದಿದ್ದೇನೆ. ಶೈಲಜಾ ಬಾಗಿಲಲ್ಲಿ ತಡೆದು, "ಒಬ್ರನ್ನ ಕರಕೊಂಡು ಬರ್ತೀನಂತ ಹೋಗಿ ಸ್ಟೇಷನ್ನಿಗೆ ಸ್ಟೇಷನ್ನೇ ಕರಕೊಂಡು ಬಂದ್ರಲ್ರಿ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಕಾಲಿಗೆ ನೀರು ಹಾಕಿ ಒಳಗೆ ಬಿಟ್ಟಳು. ಅವರೊಳಗೆ ಅವ್ವ ಯಾರೆಂದು ತಿಳಿಯದ ಮೇಲೆ ಎಲ್ಲರೂ ನಮ್ಮ ಮನೆಯವರೇ ಎಂದು ನಿಶ್ಚಯಿಸಿದ್ದೇವೆ. ಮಹಾಲಯ ಅಮಾವಾಸ್ಯೆಗೆ ಎಲ್ಲರಿಗೂ ಎಡೆ ಇಡಬೇಕು. ಹೆಸರುಗಳು ಬೇಕು. ನಿಮ್ಮ ತಾಯಿಯವರನ್ನು ಕೇಳಿ ಬರೆಯಿರಿ.

ಈ ವರ್ಷ ನೀವು ಬರುವುದು ಬೇಡ.

ಲಿಂಗರಾಜ್


ನಾಗಪುರ
5 ಜುಲೈ 2025

ಲಿಂಗರಾಜ್ ಅವರಿಗೆ,

ನೀವು ಬರೆದದ್ದರಲ್ಲಿ ತಪ್ಪಿಲ್ಲ. ಕ್ಷಮೆ ಕೇಳಿದರೆ ನೀವು ಏನಾದರೂ ಉತ್ತರ ಕೊಡಬೇಕಾಗುತ್ತದೆ. ಆ ಭಾರವನ್ನೂ ನಿಮ್ಮ ಮೇಲೆ ಹಾಕಲಾರೆ.

ಅಮ್ಮನನ್ನು ಕೂರಿಸಿಕೊಂಡು ಕೇಳಿದೆ. ಸತ್ತವರನ್ನು ಅಮ್ಮ ನೆನೆಯುವುದು ಅಕ್ಕಪಕ್ಕದ ಮನೆಯವರನ್ನು ನೆನೆಯುವ ಹಾಗೆ, ಸ್ವಲ್ಪ ದೂರಿನ ಜೊತೆಗೆ.

ಗವಿಸಿದ್ದಪ್ಪನ ಮನೆಯಲ್ಲಿ ಬುತ್ತಿಯಜ್ಜ. ಅವರು ಸಿಕ್ಕಾಗ ಕೈಯಲ್ಲಿ ಜೋಳದ ರೊಟ್ಟಿಯ ಗಂಟು ಬಿಚ್ಚದೆ ಹಾಗೇ ಇತ್ತಂತೆ. ಅವರ ಎಡೆಗೆ ಏನಿಲ್ಲದಿದ್ದರೂ ರೊಟ್ಟಿ ಇರಲೇಬೇಕು. ಅದೇ ಮನೆಯಲ್ಲಿ ಆಮೇಲೆ ಬಂದವನು ಮೂಕಣ್ಣ, ಅದಿರು ಹೊರಲು ಎಲ್ಲಿಂದಲೋ ಬಂದ ಹುಡುಗ. ಚಹಾದಂಗಡಿಯ ನಾಗೇಂದ್ರಪ್ಪನ ಮನೆಯಲ್ಲಿ ಒಬ್ಬ ಗಟ್ಟಿಮುಟ್ಟಾದ ಗಂಡಸು. ನಾನು ಅವನ ಹೆಸರು ಬಸಣ್ಣ ಎಂದು ಬರೆದುಕೊಂಡೆ. ಅಮ್ಮ ಸಿಟ್ಟಾದರು. "ರಾಯಣ್ಣ ಅಂತ ಬರಿ. ಬ್ಯಾರೆ ಹೆಸರ್ಲೆ ಕರದ್ರ ಆತ ಎಲೀ ಮುಟ್ಟಂಗಿಲ್ಲ, ಭಾಳ ಬಿಂಕದಾವ." ಸತ್ತ ಮೇಲಲ್ಲದೆ ಅಮ್ಮ ಅವನನ್ನು ನೋಡಿಯೇ ಇಲ್ಲ. ಬಿಂಕ ಹೇಗೆ ತಿಳಿಯಿತು ಎಂದೆ. "ಹೋದ ಮುಖ ನೋಡಿದ್ರ ತಿಳಿಯಂಗಿಲ್ಲೇನು?" ಎಂದರು. ಕೊಟ್ರಯ್ಯನ ಮನೆಯಲ್ಲಿ ತಾಯಿ, ಮಗಳು. ಇಬ್ಬರಿಗೂ ಸೇರಿ ದೊಡ್ಡವ್ವ, ಸಣ್ಣವ್ವ ಎಂದಷ್ಟೇ ಇಟ್ಟರಂತೆ. ಹೆಚ್ಚಿಗೆ ಯೋಚಿಸಲು ಆಗಲಿಲ್ಲವಂತೆ.

ಅಪ್ಪ ವರ್ಗವಾಗಿ ಹೋದ ಮೇಲೆ ಸಿಕ್ಕ ಒಬ್ಬರು ಇದ್ದಾರೆ. ಕ್ವಾರ್ಟರ್ಸ್ ಆಗಲೇ ಬಹುಮಟ್ಟಿಗೆ ಖಾಲಿಯಾಗಿತ್ತು. ಅವರಿಗೆ ಹೆಸರಿಟ್ಟವರಿಲ್ಲ.

ಹೇಮಕ್ಕನ ನಿಜವಾದ ಹೆಸರು ನನಗೆ ಗೊತ್ತಿಲ್ಲ. ನೀವು ಒಂದು ಪತ್ರದಲ್ಲೂ ನಿಮ್ಮ ತಾಯಿಯ ಹೆಸರು ಬರೆದಿಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ. ಅಮ್ಮ ಮಾತ್ರ ದಿನವೂ ಕೇಳುತ್ತಾರೆ. "ಎಷ್ಟು ವರ್ಷ ಉಂಡ್ಲು ನಮ್ಮನ್ಯಾಗ. ಹೆಸರು ಏನಂತ?"

ನಮ್ಮ ಮನೆಯಲ್ಲಿ ಈ ವರ್ಷ ಅವಳಿಗೆ ಎಡೆ ಇಡಲೋ ಬೇಡವೋ ತಿಳಿಯುತ್ತಿಲ್ಲ. ಇಟ್ಟರೆ ನಿಮ್ಮ ಮನೆಯಿಂದ ಮತ್ತೆ ಈಚೆ ಎಳೆದಂತಾಗುತ್ತದೆಯೇ ಎಂಬ ಭಯ. ನೀವು ಹೇಳಿದಂತೆ ಮಾಡುತ್ತೇನೆ.

ದೇವಿಕಾ


ಕಂಪ್ಲಿ
22 ಸೆಪ್ಟೆಂಬರ್ 2025

ಚಿಕ್ಕಮ್ಮನಿಗೆ,

ಶರಣು. ನೀವು ನನಗಿಂತ ಹತ್ತು ವರ್ಷ ಚಿಕ್ಕವರು. ಆದರೂ ಅವ್ವನ ತಂಗಿಗೆ ಬೇರೆ ಏನೆಂದು ಬರೆಯಲಿ ಎಂದು ಯೋಚಿಸಿ ಹೀಗೆ ಬರೆದೆ. ಜುಲೈ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಸಿಟ್ಟು ಇಳಿಯಲಿ ಎಂದು ಕಾದೆ. ಪೂರ್ತಿ ಇಳಿದಿಲ್ಲ. ಎಡೆಯ ವಿಷಯದಲ್ಲಿ ನಿಮಗೆ ಏನು ಹೇಳಬೇಕೋ ತಿಳಿಯಲಿಲ್ಲ. ನೀವು ಇಟ್ಟಿದ್ದರೆ ಒಳ್ಳೆಯದೇ ಆಯಿತು.

ನಿನ್ನೆ ಅಮಾವಾಸ್ಯೆ ಆಯಿತು. ಹೆಸರಿಲ್ಲದ ಆ ಒಬ್ಬರಿಗೆ ಶೈಲಜಾ ತೀರಿಹೋದ ತನ್ನ ತಮ್ಮನ ಹೆಸರು ಕೊಟ್ಟಳು, ಸಿದ್ದಲಿಂಗೇಶ್.

ಬಸಕ್ಕತ್ತೆಗೆ ಮಡಕೆ ತಂದ ದಿನವೇ ಎಲ್ಲ ಹೇಳಿದ್ದೆ. ಅವತ್ತಿನಿಂದ ಅವಳು ತನ್ನ ಕೋಣೆಯಲ್ಲೇ ಬೇರೆ ಉಣ್ಣುತ್ತಿದ್ದಳು. ಮಡಕೆ ಇದ್ದ ಕೋಣೆಯ ಮುಂದೆ ಹಾಯುವಾಗ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. ಹೆದರಿಕೆಗೋ, ಮರ್ಯಾದೆಗೋ, ನಾನು ಕೇಳಲಿಲ್ಲ.

ಪಡಸಾಲೆಯಲ್ಲಿ ಗೋಡೆಯುದ್ದಕ್ಕೂ ಎಲೆ ಹಾಕಿದೆವು. ಅಪ್ಪ, ಅಜ್ಜ, ಅಜ್ಜಿ, ಆಮೇಲೆ ಇವರೆಲ್ಲ. ಬುತ್ತಿಯಜ್ಜನಿಗೆ ರೊಟ್ಟಿ. ರಾಯಣ್ಣನನ್ನು ಸರಿಯಾಗಿ ಹೆಸರು ಹಿಡಿದೇ ಕರೆದೆವು. ಸೀರೆ, ಧೋತರ ಇಟ್ಟು ದೀಪ ಹಚ್ಚಿದೆವು. ಅಷ್ಟರಲ್ಲಿ ಅತ್ತೆ ತನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಯಾವ್ದು ಆಕಿ ಎಲಿ?" ಎಂದು ಕೇಳಿದಳು.

"ಗೊತ್ತಿಲ್ಲತ್ತಿ. ಎಲ್ಲಾರೂ ಒಂದೇ ಕಡೆ ಕೂಡ್ಯಾರ. ಯಾರ್ ಎಲ್ಲಿ ಕುಂತಾರ ಅಂತ ನಾವು ಹ್ಯಾಂಗ ಹೇಳೋದು?"

"ಹೆಸರಿಟ್ಟು ಎಲಿ ಹಾಕೀಯಲ್ಲಾ."

"ನಾವು ಹಾಕೀವಿ. ಅವ್ರು ಎಲ್ಲಿ ಕುಂದ್ರತಾರ ಅದು ಅವ್ರ ಮರ್ಜಿ."

ಅತ್ತೆಯ ಮೊಣಕಾಲು ಬಹಳ ಕೆಟ್ಟಿದೆ, ಗೋಡೆ ಹಿಡಿಯದೆ ನಡೆಯಲಾರಳು. ಬಾಗಿಲ ಹತ್ತಿರದ ಮೊದಲ ಎಲೆಗೆ ಬಂದಳು. ಅದು ಸಣ್ಣವ್ವನದು. ಅದರ ಮುಂದೆ ಕಷ್ಟಪಟ್ಟು ಕೂತು ತಲೆ ನೆಲಕ್ಕೆ ಹಚ್ಚಿ, "ಪಂಪಾವತಿ, ಉಣ್ಣಾಕ ಬಾರವ್ವ," ಎಂದಳು.

ನನ್ನವ್ವನ ಹೆಸರು ಪಂಪಾವತಿ. ನಿಮ್ಮ ತಾಯಿಯವರಿಗೆ ಹೇಳಿರಿ. ಆ ಹೆಸರನ್ನು ಈ ಮನೆಯಲ್ಲಿ ನಾನು ಒಂಬತ್ತನೇ ವಯಸ್ಸಿನ ಮೇಲೆ ಕೇಳಿರಲಿಲ್ಲ. ನನಗೂ ನಾಲಿಗೆಗೆ ಬರುವುದು ನಿಂತುಹೋಗಿತ್ತು.

ಅತ್ತೆ ಎದ್ದಳು. ಮುಂದಿನ ಎಲೆಯ ಮುಂದೆ ಮತ್ತೆ ಕೂತಳು, ಮತ್ತೆ ತಲೆ ಹಚ್ಚಿದಳು, ಮತ್ತೆ ಅದೇ ಮಾತು. ಮೂಕಣ್ಣನ ಎಲೆಗೂ ಅದೇ, ರಾಯಣ್ಣನ ಎಲೆಗೂ ಅದೇ. ಬುತ್ತಿಯಜ್ಜನ ಎಲೆಯ ಮುಂದೆ ಶೈಲಜಾ ತಡೆಯಲಾರದೆ, "ಅತ್ತಿ, ಅದು ಅಜ್ಜಂದು," ಎಂದಳು. "ಇರ್ಲಿ, ಆಕಿ ಎಲ್ಲಿ ಕುಂತಾಳೋ ಯಾರಿಗ್ಗೊತ್ತು. ಒಂದು ಬಿಟ್ಟು ಹೋದ್ರ ಅದೇ ಆಕೀದಾಗಿದ್ರ?" ಎಂದು ಬಾಗಿದಳು.

ಕೊನೆಯ ಎಲೆಗೆ ಬರುವಷ್ಟರಲ್ಲಿ ಅವಳಿಂದ ಏಳಲು ಆಗಲಿಲ್ಲ. ಅಲ್ಲೇ ಗೋಡೆಗೆ ಒರಗಿದಳು. ನಾನು ಎಬ್ಬಿಸಲು ಹೋದೆ. ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು.

"ನೀವು ಆಮ್ಯಾಲೆ ಉಣ್ರಿ," ಎಂದಳು. "ಇವ್ರೆಲ್ಲ ಉಂಡೇಳೋತನ ನಾನಿಲ್ಲೇ ಕುಂದ್ರತೀನಿ."

ಲಿಂಗರಾಜ್